ಕಂಬಕ್ಕೆ ಚುಚ್ಚಿದ ಬ್ರೋಚು

“ಅದಕ್ಕೆ ಮಾತ್ರ ಕೈ ಹಾಕ್ಬೇಡ ಮಾರಾಯ್ತಿ,” ಎಂದರು ಕಲ್ಲಮ್ಮ ದೊಡ್ಡಮ್ಮ.

ಹೇಳಿದ ಮಾತು ಕೇಳುವ ಜಾಯಮಾನವೇ ಪ್ರೇಮಕುಮಾರಿಯದಲ್ಲ. ದಾವಣಗೆರೆಯಿಂದ ಮಲ್ಲಂದೂರಿನ ಈ ಕಾಫಿ ಎಸ್ಟೇಟಿಗೆ ಹಾಲೇಶನ ಹೆಂಡತಿಯಾಗಿ ಬರುವಾಗ ಒಡವೆ ಪೆಟ್ಟಿಗೆಯ ಜೊತೆ ಇನ್ನೊಂದು ಪೆಟ್ಟಿಗೆಯನ್ನೂ ಹೊತ್ತು ತಂದಿದ್ದಳು. ಅದರ ತುಂಬ ಯುದ್ಧಕಾಲದ ಆಭರಣ. ಸಿಪಾಯಿಗಳು ಹೆಂಡತಿಗೋ ಪ್ರೇಯಸಿಗೋ ಕಳಿಸಿದ ಬ್ರೋಚುಗಳು, ತೋಪಿನ ಗುಂಡಿನ ಹಿತ್ತಾಳೆಯಲ್ಲಿ ಮಾಡಿದ ಉಂಗುರಗಳು. ಯಾವ ಪಡೆಯದು, ಯಾವ ರಣರಂಗದ್ದು ಎಂದು ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುತ್ತಿದ್ದಳು. ತೊಂಬತ್ತೇಳರ ಹೊಸ ಕ್ಯಾಲೆಂಡರ್ ತೂಗುಹಾಕಲು ಜಗಲಿಯ ಕಂಬದಿಂದ ಹಳೆಯದನ್ನು ತೆಗೆದರೆ, ಅದರ ಹಿಂದೆ ಕಪ್ಪಿಟ್ಟ ಬೆಳ್ಳಿಯ ಬ್ರೋಚು. ಅಡ್ಡಡ್ಡ ಎರಡು ಭರ್ಜಿ, ನಡುವೆ ಗಂಡಭೇರುಂಡ. ಮೈಸೂರಿನ ಕುದುರೆ ಪಡೆಯ ಗುರುತು. ಅವಳ ಕೈ ನಿಲ್ಲುವುದುಂಟೆ?

“ನಮ್ಮ ಮಾವನ ಅಣ್ಣ ಓಂಕಾರಪ್ಪನವ್ರು ಮೊದಲ್ನೇ ಮಹಾಯುದ್ಧದಲ್ಲಿ ಈಜಿಪ್ಟಿಂದ ಹೆಂಡ್ತಿಗೆ ಕಳ್ಸಿದ್ದು,” ಎಂದರು ಕಲ್ಲಮ್ಮ, ಕಂಬದ ಕಡೆ ನೋಡದೆ. “ಗಂಡ ವಾಪಸ್ ಬರ್ಲಿ ಅಂತ ಆ ತಾಯಿ ಇದಕ್ಕೆ ಮಾಟ ಮಾಡ್ಸಿದ್ಲು. ತೊಟ್ಟವರ ಹತ್ರ ಅವ್ರು ಬಂದೇ ಬರ್ಬೇಕು ಅಂತ. ಹೈಫಾ ಯುದ್ಧದಲ್ಲಿ ಸತ್ರು ಅಂತ ತಂತಿ ಬಂತು. ಆಮೇಲೆ ಅವ್ರೂ ಬಂದ್ರು.”

“ಬಂದು?”

“ಕರ್ಕೊಂಡು ಹೋದ್ರು. ಬೆಳಿಗ್ಗೆ ಅಂಗಳದಲ್ಲಿ ಇದೊಂದೇ ಬಿದ್ದಿತ್ತು. ಕಂಬನ ಯಾರೂ ಎಳ್ಕೊಂಡು ಹೋಗೋಕಾಗಲ್ಲ ಅಂತ ಇಲ್ಲಿ ಚುಚ್ಚಿಟ್ರು. ತೊಟ್ಟು ಬಿಸಾಕಿದ್ರೂ ಬಿಡಲ್ಲ ಕಣೆ. ಕೊನೇಲಿ ಯಾರ ಮೈಮೇಲಿತ್ತೋ ಅವ್ರೇ ಬೇಕು.”

“ಹೈಫಾದಿಂದ ಮಲ್ಲಂದೂರಿಗೆ ಕುದುರೆಗೆ ದಾರಿ ಗೊತ್ತಾ ದೊಡ್ಡಮ್ಮ?” ಎಂದು ಪ್ರೇಮ ನಕ್ಕಳು. ಕಂಬದ ಅಂಚು ಎದೆಮಟ್ಟದಲ್ಲಿ ಕಚ್ಚಿ ಕಚ್ಚಿ ಸವೆದಂತಿತ್ತು. ಗೆದ್ದಲಿರಬೇಕು ಎಂದುಕೊಂಡು ಬ್ರೋಚನ್ನು ಕಿತ್ತೇಬಿಟ್ಟಳು.

ಹುಣಸೆಹಣ್ಣು ಹಾಕಿ ತಿಕ್ಕಿದ ಮೇಲೆ ಬೆಳ್ಳಿ ಫಳಫಳ ಹೊಳೆಯಿತು. ಸಂಗ್ರಹದ ಒಡವೆಯನ್ನು ತಟ್ಟೆಯಲ್ಲಿಟ್ಟು ಫೋಟೊ ತೆಗೆಯಬಾರದು, ಮೈಮೇಲೇ ಇರಬೇಕು ಎಂಬುದು ಅವಳ ಹಟ. ಭಾನುವಾರ ಬೆಳಿಗ್ಗೆ ಆಳುಗಳಿರಲಿಲ್ಲ. ಕಣದ ತುಂಬ ಹಣ್ಣಿನ ಸಿಪ್ಪೆ ತೆಗೆದು ಒಣಗಲು ಹಾಕಿದ ಪಾರ್ಚ್‌ಮೆಂಟ್ ಕಾಫಿ ಹರವಿತ್ತು, ಅದರ ಮೇಲೆ ಮಂಜು. ಅವಳು ಸೆರಗಿಗೆ ಬ್ರೋಚು ಚುಚ್ಚಿಕೊಂಡು ಕಣದಂಚಿಗೆ ನಿಂತಳು.

“ದೊಡ್ಡಮ್ಮ ಅಷ್ಟು ಹೇಳ್ತಿದಾರೆ, ಬೇಡ ಬಿಡೇ,” ಎಂದ ಹಾಲೇಶ, ಕ್ಯಾಮೆರಾ ಹಿಡಿದು.

“ತೆಗೀರಿ ಸುಮ್ನೆ.”

ಕ್ಯಾಮೆರಾ ಕ್ಲಿಕ್ಕೆಂದಿತು. ಕೊಟ್ಟಿಗೆಯ ಹಸು ಒಮ್ಮೆ ಕೂಗಿ ಸುಮ್ಮನಾಯಿತು. ಕಾಫಿ ಸಿಪ್ಪೆಯ ಹುಳಿ ವಾಸನೆಯ ನಡುವೆ ಇನ್ನೊಂದು ವಾಸನೆ ತೇಲಿಬಂತು. ಬೆವರಿದ ಕುದುರೆಯದು, ಒದ್ದೆ ತೊಗಲಿನದು. ಸುತ್ತಮುತ್ತ ಯಾರ ಮನೆಯಲ್ಲೂ ಕುದುರೆಯಿರಲಿಲ್ಲ.

ಆಮೇಲೆ ಸದ್ದು. ಚರ್. ಚರ್. ಕಣದ ಆ ತುದಿಯಲ್ಲಿ ಕಾಫಿ ಬೀಜ ಪುಡಿಯಾಗುತ್ತಿತ್ತು. ಯಾರೂ ಕಾಣಲಿಲ್ಲ. ಹರವಿದ ಬೀಜದಲ್ಲಿ ಒಂದು ಗುಂಡನೆ ಗುಳಿ ಬಿತ್ತು. ಅದರ ಮುಂದೆ ಇನ್ನೊಂದು. ಅವಳ ಕಡೆಗೇ.

ಪ್ರೇಮ ಬ್ರೋಚಿನ ಕೊಂಡಿಗೆ ಕೈ ಹಾಕಿದಳು. ಬಿಚ್ಚಲಿಲ್ಲ. ಉಗುರು ಕಿತ್ತುಬಂತು. ಬಿಚ್ಚಲಿಲ್ಲ. ಬೆಚ್ಚಗಿನ ಉಸಿರು ಕತ್ತಿಗೆ ತಾಕಿತು. ಯಾರೋ ಸೆರಗು ಹಿಡಿದೆಳೆದರು. ಕಾಲು ನೆಲ ಬಿಟ್ಟಿತು.

“ರೀ!”

ಹಾಲೇಶ ಓಡಿಬಂದು ಅವಳನ್ನು ತಬ್ಬಿ ಹಿಡಿದ. ಎರಡೂ ಕೈಯಲ್ಲಿ ಕೊಂಡಿಯನ್ನು ತಿರುಚಿದ. ಬಿಚ್ಚಿತು. ಅವಳನ್ನು ಹಿಂದಕ್ಕೆ ತಳ್ಳಿ ಕಂಬದ ಕಡೆ ಓಡಿದ. ನಾಲ್ಕು ಹೆಜ್ಜೆ. ನಿಂತುಬಿಟ್ಟ. ಕಂಬದ ಮುಂದೆ ಮಂಜು ಕುದುರೆಯಷ್ಟೇ ಎತ್ತರಕ್ಕೆ ಗಟ್ಟಿಯಾಗಿ ನಿಂತಿತ್ತು. ಅದು ಅವನನ್ನು ಬಿಟ್ಟು ಅವಳತ್ತ ತಿರುಗಿತು.

“ಬಿಸಾಕಿಬಿಡ್ರೀ!”

“ಬಿಸಾಕಿದ್ರೆ ನಿನ್ನೇ ಒಯ್ತಾರಲ್ಲೇ,” ಎಂದ ಹಾಲೇಶ. ಬ್ರೋಚನ್ನು ತನ್ನ ಅಂಗಿಗೆ ಚುಚ್ಚಿಕೊಂಡ.

ಕಣ್ಮುಚ್ಚಿ ತೆಗೆಯುವುದರೊಳಗೆ ಅವನಿರಲಿಲ್ಲ. ಗೊರಸಿನ ಸದ್ದು ತೋಟದೊಳಗೆ ದೂರವಾಯಿತು.

ಮಂಜು ಕರಗಿದ ಮೇಲೆ ಕಣದಲ್ಲಿ ಎಲ್ಲವೂ ಸ್ಪಷ್ಟವಾಗಿತ್ತು. ಬಂದ ಗೊರಸಿನ ಗುರುತಿಗಿಂತ ಹೋದ ಗುರುತು ಆಳ. ಅದರ ಪಕ್ಕದಲ್ಲೇ ಬ್ರೋಚು ಬಿದ್ದಿತ್ತು. ಪ್ರೇಮ ಅದನ್ನು ಎತ್ತಿಕೊಂಡಳು.

ಜಗಲಿಯಿಂದ ಓಡಿಬಂದ ಕಲ್ಲಮ್ಮ ಅಳುತ್ತ ಕೈ ಚಾಚಿದರು. “ಕೊಡು ಮಗಾ. ಕಂಬಕ್ಕೆ ಚುಚ್ಚಿಬಿಡ್ತೀನಿ.”

ಪ್ರೇಮ ಕೊಡಲಿಲ್ಲ. ಕುದುರೆಯ ಉಸಿರು ಇನ್ನೂ ಕತ್ತಿನ ಮೇಲೇ ಇದ್ದ ಹಾಗಿತ್ತು.

“ಕಂಬಕ್ಕೆ ಚುಚ್ಚಿದ್ರೆ ಕಂಬದ ಹತ್ರ ಬರ್ತಾರೆ ದೊಡ್ಡಮ್ಮ.”

“ಬರೋದು ಯಾರು ಅಂತ ಗೊತ್ತಲ್ವೇನೇ ನಿಂಗೆ?”

“ಗೊತ್ತು. ಇವ್ರೂ ಅವ್ರ ಹಿಂದೆ ಕುದುರೆ ಮೇಲೆ ಕೂತಿರ್ತಾರಲ್ಲ.”

ಕಲ್ಲಮ್ಮ ಬಾಗಿಲು ಹಾಕಿಕೊಂಡು ಒಳಗಿಂದಲೇ ಕೂಗಿ ಕೂಗಿ ಕರೆದರು. ಪ್ರೇಮ ಬ್ರೋಚನ್ನು ಸೆರಗಿಗೆ ಚುಚ್ಚಿಕೊಂಡು ಮತ್ತೆ ಕಣದಂಚಿಗೆ ಹೋಗಿ ನಿಂತಳು. ಕೊಂಡಿ ಸರಿಯಾಗಿ ಕೂತಿದೆಯೇ ಎಂದು ಇನ್ನೊಮ್ಮೆ ಒತ್ತಿ ನೋಡಿಕೊಂಡಳು.