ಗಾಳಿ ಊದುವ ಕಂಡಿ

ದೆವ್ವ ಭೂತದಲ್ಲಿ ನನಗೆ ಇವತ್ತಿಗೂ ನಂಬಿಕೆಯಿಲ್ಲ. ಚೀನಾದ ಸುಝೌನಲ್ಲಿ ಹಳೆಯ ಚಿತ್ರಗಳಿಗೆ ಹೊಸ ಬೆನ್ನುಕಾಗದ ಅಂಟಿಸುವುದು ಹನ್ನೆರಡು ವರ್ಷದಿಂದ ನನ್ನ ಕಸುಬು. ಒಂದು ದಿನ ಬಂದ ಚಿತ್ರದಲ್ಲಿ ಇದ್ದದ್ದು ಮಸಿಯಲ್ಲಿ ಬರೆದ ಬೆಟ್ಟ, ಬಿದಿರಿನ ತೋಟ, ಬಾಗಿಲು ತೆರೆದಿದ್ದ ಗುಡಿಸಲು.

"ಒಳಗೆ ಯಾರೂ ಇಲ್ಲವಲ್ಲ ಮೇಷ್ಟ್ರೇ?" ಅಂದೆ.

"ಊರಿನ ಸಹವಾಸ ಸಾಕಾದವರಿಗೆ ಅಂತ ಬರೆದದ್ದು. ನೋಡುವವರೇ ಹೋಗಿ ಇರಬೇಕು, ಅದಕ್ಕೇ ಬಾಗಿಲು ತೆರೆದಿದೆ," ಅಂದರು ನನಗೆ ಕಸುಬು ಕಲಿಸಿದ ಯಾನ್ ಮೇಷ್ಟ್ರು. "ನೀನು ಹೋಗಿಬಿಡಬೇಡ ಮಾರಾಯ್ತಿ, ಕೆಲಸ ಬೇಕಾದಷ್ಟಿದೆ."

ಹೊಸ ಬೆನ್ನುಕಾಗದ ಹಚ್ಚಿದ ಒದ್ದೆ ಚಿತ್ರದ ಅಂಚಿಗಷ್ಟೇ ಗಂಜಿ ಹಚ್ಚಿ, ಒಣಗಲೆಂದು ಗೋಡೆಗೆ ಒರಗಿಸಿದ್ದ ಹಲಗೆಗೆ ಅಂಟಿಸಿದೆ. ನಡುಭಾಗ ಹಲಗೆಗೆ ಮೆತ್ತಿಕೊಳ್ಳಬಾರದೆಂದು, ಅಂಚಿನಲ್ಲಿ ಬಿಟ್ಟಿದ್ದ ಕಂಡಿಯಿಂದ ಒಳಗೆ ಒಂದು ಉಸಿರು ಊದಿದೆ. ತಾರೀಕು ಬರೆದ ಚೀಟಿಯನ್ನು ಕಂಡಿಯ ಮೇಲೆ ಅಂಟಿಸಿದೆ.

ಮರುದಿನ ಬೆಳಿಗ್ಗೆ ಚಿತ್ರ ಮೆಲ್ಲಗೆ ಉಬ್ಬುತ್ತಿತ್ತು, ಇಳಿಯುತ್ತಿತ್ತು. ಕಿಟಕಿಗಳೆಲ್ಲ ಮುಚ್ಚಿದ್ದವು. ಚೀಟಿಯ ಹತ್ತಿರ ಕೆನ್ನೆ ಇಟ್ಟೆ. ಬೆಚ್ಚಗಿತ್ತು, ಆಗಷ್ಟೇ ಬಿಸಿನೀರು ಹುಯ್ದ ಚಹಾ ಎಲೆಯ ವಾಸನೆ.

"ಮತ್ತೆ ಊದಿದೆಯಾ?" ಮೇಷ್ಟ್ರು ರೇಗಿದರು.

"ನಿಮ್ಮಾಣೆಗೂ ಇಲ್ಲ."

ಅವರೂ ಕೆನ್ನೆ ಇಟ್ಟು ನೋಡಿದರು. ಅಂದಿನಿಂದ ಆ ಗೋಡೆಯ ಕಡೆ ಬೆನ್ನು ಹಾಕಿ ಕೂರುವುದನ್ನು ಬಿಟ್ಟರು.

ಹತ್ತನೆಯ ದಿನ ಉಬ್ಬುವುದು ನಿಂತಿತು. ಬಿದಿರಿನ ಚಾಕುವಿನಿಂದ ಅಂಚು ಬಿಡಿಸಿದೆವು. ಚಿತ್ರ ಇದ್ದ ಹಾಗೇ ಇತ್ತು, ಗುಡಿಸಲೂ ಖಾಲಿ. ಆದರೆ ಕಂಡಿಯ ಮೇಲೆ ಚೀಟಿ ಇರಲಿಲ್ಲ. ನನ್ನ ಕೈಯಲ್ಲೇ ತಾರೀಕು ಬರೆದಿದ್ದ ಆ ಚೀಟಿ ಕಂಡಿಯನ್ನು ಒಳಗಡೆಯಿಂದ ಮುಚ್ಚಿತ್ತು. ಮುಟ್ಟಿ ನೋಡಿದೆ, ಗಂಜಿ ಇನ್ನೂ ಹಸಿಯಾಗಿತ್ತು.