ಫಜಲುಲ್ಲಾ ಸಾಬರ ಭಟ್ಟಿಯ ಗಾಳಿ

ಇದು ತೊಂಬತ್ತೆಂಟರ ಮಾತು. ಹರಿಹರದಲ್ಲಿ ನನ್ನದು ಮೋಟರ್ ರಿಪೇರಿ ಅಂಗಡಿ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ನಡೆಸುತ್ತಿದ್ದ ಫಜಲುಲ್ಲಾ ಸಾಬರು ತೀರಿಕೊಂಡ ಮರುದಿನ ಅವರ ಹೆಂಡತಿ ದಿಲ್ಷಾದ್ ಬೇಗಂ ಹೇಳಿಕಳಿಸಿದರು. ಮನೆ ಹಿಂದಿನ ಭಟ್ಟಿಗೆ ಗಾಳಿ ಊದುವ ಬ್ಲೋವರ್ ನಿಲ್ಲುತ್ತಿಲ್ಲವಂತೆ.

"ಸಾವಿನ ಮನ್ಯಾಗ ಮೂರು ದಿನ ಒಲೆ ಹಚ್ಚಲ್ಲ, ಕೊಟ್ರೇಶಣ್ಣ. ಈ ಸದ್ದು ಕೇಳಿದ ಜನ ಏನಂದಾರು? ಬಂದ್ ಮಾಡಿಕೊಡ್ರಿ," ಅಂದರು ಬಾಗಿಲ ಮರೆಯಿಂದ.

ಸ್ವಿಚ್ ಆರಿಸಿದೆ, ಫ್ಯೂಸ್ ಕಿತ್ತೆ, ಕೊನೆಗೆ ವೈರನ್ನೇ ಕತ್ತರಿಸಿದೆ. ರೆಕ್ಕೆ ತಿರುಗುತ್ತಲೇ ಇತ್ತು. ಭಟ್ಟಿಯೊಳಗೆ ಕೈಯಿಟ್ಟರೆ ಬೂದಿ ತಣ್ಣಗಿತ್ತು. ಬ್ಲೋವರಿನಿಂದ ಬರುವ ಗಾಳಿ ಮಾತ್ರ ಬಿಸಿ. ಅದರಲ್ಲಿ ಆಗಷ್ಟೇ ಹುರಿದ ಮಂಡಕ್ಕಿಯ ವಾಸನೆ.

"ದಿನಾ ಅದನ್ನ ಬಂದ್ ಮಾಡ್ತಿದ್ದದ್ದು ಅವರೇ. ನಮಗ್ಯಾರಿಗೂ ಮುಟ್ಟಾಕ ಬಿಡ್ತಿರಲಿಲ್ಲ," ಅಂದರು ಆಕೆ.

ಬೋಲ್ಟ್ ಬಿಚ್ಚಿ ಬ್ಲೋವರನ್ನು ಅಂಗಳಕ್ಕೆ ತಂದಿಟ್ಟೆ. ಆಗ ನಿಂತಿತು.

"ಒಯ್ದುಬಿಡ್ರಿ. ತಿರುಗಿ ತರಬ್ಯಾಡ್ರಿ."

ಇವತ್ತಿಗೂ ಅದು ನನ್ನ ಅಂಗಡಿಯ ಮೂಲೆಯಲ್ಲಿದೆ. ಅದಕ್ಕೆ ವೈರಿಲ್ಲ. ರೆಕ್ಕೆ ತಿರುಗಿದ್ದನ್ನು ನಾನು ಮತ್ತೆ ನೋಡಿಲ್ಲ. ರಸ್ತೆ ಬದಿಯ ಅಂಗಡಿ, ಬೆಳಗ್ಗೆ ಬಾಗಿಲು ತೆಗೆದರೆ ಎಲ್ಲದರ ಮೇಲೂ ಧೂಳು. ಅದರ ಮುಂದಿನ ಒಂದು ಮೊಳ ನೆಲ ಮಾತ್ರ ಗುಡಿಸಿದ ಹಾಗಿರುತ್ತದೆ.