ಅದು ಯಾವ ‘ಸಾಕು’?

"ಬಾಗಿಲು... ಬಾಗಿಲು ನಿಧಾನ!"

ತೋರುನ್ ಕೂಗುವಷ್ಟರಲ್ಲಿ ಬಾಗಿಲು ಧಡ್ ಎಂದಿತ್ತು. ಸೂಕ್ಷ್ಮದರ್ಶಕದ ಕೆಳಗೆ, ಕೂದಲಿಗಿಂತ ತೆಳ್ಳಗಿನ ಗಾಜಿನ ಸೂಜಿಯ ತುದಿಯಿಂದ ಇಲಿಯ ಮಿದುಳಿನ ಕೋಶ ಕಳಚಿಕೊಂಡಿತು. ಕೋಶದ ಮಿಡಿತ ಕೇಳಿಸುತ್ತಿದ್ದ ಸ್ಪೀಕರಿನ ಟಿಕ್ ಟಿಕ್ ಸದ್ದು ನಿಂತೇಹೋಯಿತು.

ಬಾಗಿಲಲ್ಲಿ ಎತ್ತರದ ಹುಡುಗ. ತೊಯ್ದ ಜಾಕೆಟ್ಟು, ಕೆಂಪಾದ ಮೂಗು.

"ಅಯ್ಯೋ... ಸತ್ತೋಯ್ತಾ?"

"ನೀವೇ ಕೊಂದಿದ್ದು!"

ಹಾಗೆಂದವಳು ತಾನೇನಾ? ಬಸ್ಸಿನಲ್ಲಿ ಯಾರದೋ ಪಕ್ಕದ ಸೀಟು ಖಾಲಿಯಿದ್ದರೂ ನಿಂತೇ ಬರುವವಳು!

ಅವನು ಐವಿಂದ್. ನಾರ್ವೆಯ ಬರ್ಗೆನ್ನಿನ ಆ ಪ್ರಯೋಗಾಲಯಕ್ಕೆ ಅವಳ ಜೊತೆ ಕೆಲಸ ಮಾಡಲೆಂದೇ ಬಂದವನು. ಮಧ್ಯಾಹ್ನ ತನ್ನ ಬುತ್ತಿಯಿಂದ ಕಂದು ಚೀಸಿನ ಬ್ರೆಡ್ಡೊಂದನ್ನು ಕಾಗದದ ಸಮೇತ ಅವಳ ಮುಂದಿಟ್ಟ.

"ದಂಡ," ಎಂದ.

ತೋರುನ್ ದಂಗಾದಳು. ಈ ಊರಲ್ಲಿ ಮನೆಯಿಂದ ತಂದ ಬುತ್ತಿಯನ್ನು ಯಾರಾದರೂ ಹಂಚಿಕೊಳ್ಳುತ್ತಾರೆಯೇ!

ಅವರ ಕೆಲಸವೆಲ್ಲ ಲೆಪ್ಟಿನ್ ಸುತ್ತ. ಮೈಯ ಕೊಬ್ಬು ಮಿದುಳಿಗೆ ಕಳಿಸುವ ಹಾರ್ಮೋನು ಅದು. ‘ಸಾಕು, ಇನ್ನು ಬೇಡ’ ಎಂಬ ಸುದ್ದಿ. ಒಂದು ಹನಿ ಬಿದ್ದರೆ ಹಸಿವಿನ ಕೋಶಗಳ ಟಿಕ್ ಟಿಕ್ ನಿಧಾನವಾಗುತ್ತಿತ್ತು. ಐವಿಂದ್ ಪಕ್ಕದಲ್ಲಿ ಕುಳಿತರೆ ತೋರುನ್ ಎದೆಯದು ಮಾತ್ರ ಜೋರಾಗುತ್ತಿತ್ತು...

ಚಳಿಗಾಲ ಕಳೆಯುವಷ್ಟರಲ್ಲಿ ‘ನೀವು’ ಹೋಗಿ ‘ನೀನು’ ಬಂದಿತ್ತು.

ಶುಕ್ರವಾರ ಪ್ರಯೋಗಾಲಯದಲ್ಲಿ ವಾಫಲ್ ಹುಯ್ಯುವ ದಿನ; ಹೃದಯದಾಕಾರದ ಅಚ್ಚಿನಲ್ಲಿ ಬೇಯುವ ಸಿಹಿ ದೋಸೆಯಂಥದ್ದು. ಹಿರಿಯ ಸಹಾಯಕಿ ಬೋದಿಲ್ ಸುಮ್ಮನಿರುವವಳಲ್ಲ.

"ಏನೇ ತೋರುನ್, ನಮಗೆಲ್ಲ ಹರಿದಿರೋ ಹೃದಯ, ಐವಿಂದನಿಗೆ ಮಾತ್ರ ಇಡೀದು?"

"ಅಚ್ಚೇ ಹಾಗಿದೆ, ಬೋದಿಲ್..."

"ಹೂಂ, ಹೂಂ. ಅಚ್ಚಿನದೇ ತಪ್ಪು! ಬೇಗ ಏನಾದ್ರೂ ಹೇಳೇ ಅವನಿಗೆ. ತ್ರೊಂಡ್‌ಹೈಮಿನವರು ಅಲ್ಲಿನ ಲ್ಯಾಬಿನ ದೊಡ್ಡ ಹುದ್ದೆಗೆ ಕರೀತಿದಾರಂತೆ, ಹೊರಟುಬಿಟ್ಟಾನು."

ತೋರುನ್ ತಟ್ಟೆ ಹಿಡಿದು ಕಾರಿಡಾರಿಗೆ ನಡೆದಳು. ಇವತ್ತು ಹೇಳಿಬಿಡಬೇಕು... ಕಿಟಕಿಯ ಬಳಿ ಐವಿಂದ್ ಫೋನಿನಲ್ಲಿದ್ದ.

"ತೋರುನ್ ಜೊತೆಗಿನ ಕೆಲಸ ಸಾಕು ನನಗೆ."

ಅವಳ ಕಾಲು ಅಲ್ಲೇ ನಿಂತಿತು. ಸಾಕು?... ಸಾಕಾಗಿಹೋದೆನೇ?

ಸೋಮವಾರ ಅವಳು ತಲೆಯೆತ್ತಲಿಲ್ಲ. "ನೀವು ಆ ಕಡೆ ಮೇಜಿಗೆ ಹೋಗಿ."

"‘ನೀವು’? ನಾನೇನು ಮಾಡಿದೆ, ತೋರುನ್?"

ಅವಳು ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದಳು. ಅವನು ಎದ್ದುಹೋದ. ಅವನ ಮುಖ ಬಾಡಿದ್ದನ್ನು ಅವಳು ನೋಡಲೇ ಇಲ್ಲ.

ಆದರೆ ಮುಂದಿನದು ನೆನಪಿನ ಕೋಶಗಳ ಮೇಲೆ ಲೆಪ್ಟಿನ್ ಪರೀಕ್ಷೆ; ಅದು ಒಬ್ಬರಿಂದ ಆಗುವಂಥದ್ದಲ್ಲ. ಒಬ್ಬರು ಸೂಜಿ ಹಿಡಿಯಬೇಕು, ಇನ್ನೊಬ್ಬರು ಹನಿ ಬಿಡಬೇಕು. ಬಿಸಿಲು ಬಿದ್ದ ಒಂದು ಬೆಳಿಗ್ಗೆ ಇಬ್ಬರೂ ಮತ್ತೆ ಅಕ್ಕಪಕ್ಕ ಕುಳಿತರು. ತೋರುನ್ ಸೂಜಿ ಹಿಡಿದಳು.

ಐವಿಂದ್ ಲೆಪ್ಟಿನ್ ಬಿಟ್ಟ. ಪರದೆಯ ಮೇಲೆ, ಒಂದು ಕೋಶದಿಂದ ಇನ್ನೊಂದಕ್ಕೆ ಹಾರುವ ಸಂಕೇತದ ಗೆರೆ... ಏರತೊಡಗಿತು!

"ಐವಿಂದ್, ನೋಡೋ! ಕಮ್ಮಿ ಆಗ್ತಿಲ್ಲ, ಜಾಸ್ತಿ ಆಗ್ತಿದೆ!"

"ಅದೇ ಹಾರ್ಮೋನು ಕಣೇ," ಅವನು ಪರದೆಯತ್ತ ಬಾಗಿದ. "ಹಸಿವಿನ ಕೋಶಕ್ಕೆ ‘ಸುಮ್ನಿರು’ ಅನ್ನುತ್ತೆ. ಇಲ್ಲಿ ‘ಬಿಡಬೇಡ, ಗಟ್ಟಿಯಾಗಿ ಹಿಡ್ಕೋ’ ಅಂತಿದೆ."

ಒಂದೇ ಮಾತು... ಕೇಳುವ ಕಡೆ ಬೇರೆ. ತೋರುನ್ ಓರೆಗಣ್ಣಲ್ಲಿ ಅವನನ್ನು ನೋಡಿದಳು. ಈಗ ಕೇಳದಿದ್ದರೆ ಇನ್ನೆಂದೂ ಕೇಳಲಾರೆ.

"ಆವತ್ತು ಫೋನಲ್ಲಿ... ನನ್ನ ಜೊತೆಗಿನ ಕೆಲಸ ಸಾಕು ಅಂದೆಯಲ್ಲ. ಅದು ಯಾವ ‘ಸಾಕು’?"

ಐವಿಂದ್ ಕಣ್ಣು ಅಗಲವಾಯಿತು. "ತ್ರೊಂಡ್‌ಹೈಮಿನವರಿಗೆ ಹೇಳ್ತಿದ್ದೆ, ಪೆದ್ದೀ! ನಿಮ್ಮ ದೊಡ್ಡ ಹುದ್ದೆ ಬೇಡ, ಇವಳ ಜೊತೆ ಇದ್ದರೆ ಅಷ್ಟೇ ಸಾಕು ಅಂತ. ಇದಕ್ಕೇನಾ ನನ್ನನ್ನ ಆ ಮೇಜಿಗೆ ಓಡಿಸಿದ್ದು?"

ಅವಳಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು.

"ಅಲುಗಾಡಬೇಡ, ಕೋಶ ಕಳಚುತ್ತೆ," ಎಂದು ಅವನು ಅವಳ ಎಡಗೈಯನ್ನು ಮೆಲ್ಲನೆ ಹಿಡಿದ.

ಬಾಗಿಲ ಹಿಡಿಕೆ ತಿರುಗಿತು. "ವಾಫಲ್ ಹಿಟ್ಟು ಯಾರು ಕಲಸ್ತೀರ್ರೋ?" ಬೋದಿಲ್ ದನಿ.

"ಬಾಗಿಲು ನಿಧಾನ!" ಇಬ್ಬರೂ ಒಟ್ಟಿಗೆ ಕೂಗಿದರು.

ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು. ಆಚೆಯಿಂದ ಬೋದಿಲ್ ನಗು ಕೇಳಿಸಿತು.

"ಕೈ ಬಿಡ್ಲಾ?" ಐವಿಂದ್ ಪಿಸುಗುಟ್ಟಿದ.

"ಊಹೂಂ..." ತೋರುನ್ ಪರದೆಯಿಂದ ಕಣ್ಣು ಕೀಳಲಿಲ್ಲ. ಗೆರೆ ಇನ್ನೂ ಏರುತ್ತಲೇ ಇತ್ತು. "ನನಗಿನ್ನೂ ಸಾಕಾಗಿಲ್ಲ."